ಜೋಲಿಯಿಂದ ಬಿದ್ದ ಹನಿ

ನಾಗಮಂಗಲದಲ್ಲಿ ಆರೋಗ್ಯ ಸಹಾಯಕಿಯಾಗಿದ್ದಾಗ, ಬೀಡಿ ಕಟ್ಟುವವರ ಮನೆಗಳ ತಪಾಸಣೆಗೆ ಹೆಲ್ತ್ ಇನ್ಸ್‌ಪೆಕ್ಟರ್ ಸಾಹೇಬರು ನನ್ನನ್ನೂ ಕರೆದೊಯ್ದರು. ಮಲಗುವ ಕೋಣೆಯಲ್ಲಿ ಬೀಡಿ ಎಲೆ, ಹೊಗೆಸೊಪ್ಪು ಸಿಕ್ಕರೆ ಆ ಮನೆಗೆ ಕೆಲಸ ಬಂದ್ ಎಂದು ಜೀಪಿನಲ್ಲೇ ಹೇಳಿದ್ದರು. ಇರೋದೇ ಒಂದು ಕೋಣೆಯಾದರೆ ಎಲ್ಲಿಡಬೇಕು ಎಂದು ಕೇಳೋಣವೆನಿಸಿತು. ಆದರೆ ಕಾಂಟ್ರಾಕ್ಟ್ ನೌಕರಿಯವಳಿಗೆ ಬಾಯಿ ಕಡಿಮೆ.

ಕೊನೆಯ ಮನೆಯಲ್ಲಿ ಹೆಂಗಸೊಬ್ಬಳೇ ಇದ್ದಳು. ಗಂಡ ಲಾರಿಯ ಮೇಲೆ ಹೋದವನು, ತಿಂಗಳಿಗೊಮ್ಮೆ ಬರುತ್ತಾನಂತೆ. ಕೆಲಸವೆಲ್ಲ ಜಗಲಿಯಲ್ಲೇ, ಒಳಗೆ ಏನೂ ಇಡುವುದಿಲ್ಲ ಎಂದಳು. ಸಾಹೇಬರು ಮಂಚದ ಕೆಳಗೆ ಬಗ್ಗಿ ನೋಡಿದರು, ಅಕ್ಕಿ ಡಬ್ಬದ ಮುಚ್ಚಳ ತೆಗೆಸಿದರು. ಆಮೇಲೆ ತೊಲೆಗೆ ಕಟ್ಟಿದ್ದ ಸೀರೆಯ ಜೋಲಿಯತ್ತ ತಿರುಗಿದರು. ಅವಳು ಅಡ್ಡ ಬಂದು ನಿಂತಳು.

“ಮಲ್ಗಿರೋ ಮಗೀಗೆ ನಜರ್ ಆಯ್ತದೆ ಸಾರ್.”

ಸಾಹೇಬರು ಹಿಂದೆ ಸರಿದರು. ಅವರೂ ಮಕ್ಕಳೊಂದಿಗರು, ದೃಷ್ಟಿಗೆ ಹೆದರುವವರು. ಅಷ್ಟರಲ್ಲಿ ಜೋಲಿಯಿಂದ ಟಪ್ಪೆಂದು ಒಂದು ಹನಿ ನೆಲಕ್ಕೆ ಬಿತ್ತು. ಹಿಂದೆಯೇ ಇನ್ನೊಂದು. ಮಗು ಒದ್ದೆ ಮಾಡಿಕೊಂಡಿದೆ, ಬಟ್ಟೆ ಬದಲಾಯಿಸಮ್ಮ ಎಂದು ನಕ್ಕು, ಫಾರಂ ತುಂಬಿಕೊಂಡು ಬಾ ಎಂದು ನನಗೆ ಹೇಳಿ ಅವರು ಜೀಪಿಗೆ ನಡೆದರು.

ಹನಿ ಕಡು ಟೀ ಬಣ್ಣಕ್ಕಿತ್ತು. ಪಾಂಡವಪುರದಲ್ಲಿ ನನ್ನ ಅವ್ವ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದ್ದು. ಮೆತ್ತಗಾಗಲು ನೆನೆಸಿದ ಬೀಡಿ ಎಲೆಯ ನೀರನ್ನು ಚೆನ್ನಾಗಿ ಒದರಿ ಆಮೇಲೆ ಗೋಣಿಬಟ್ಟೆಯಲ್ಲಿ ಸುತ್ತಬೇಕು. ಇವಳು ಜೀಪಿನ ಸದ್ದಿಗೆ ಹೆದರಿ ಒದರದೆಯೇ ಸುತ್ತಿದ್ದಳು.

ಜೋಲಿಗೆ ಕೈ ಹಾಕಿದೆ. ಮಗುವಿನಡಿ ತೆಳ್ಳನೆ ಚಾಪೆ, ಅದರಡಿ ಎಲೆಯ ಗಂಟು, ಪಕ್ಕದಲ್ಲೇ ಹೊಗೆಸೊಪ್ಪಿನ ಪೊಟ್ಟಣ. ಎತ್ತಿಕೊಂಡರೆ ಐದಾರು ತಿಂಗಳ ಕೂಸಿನ ಬೆನ್ನು ತಣ್ಣಗಿತ್ತು. ಎಚ್ಚರವಾಗಿ ಕೆಮ್ಮತೊಡಗಿತು. ನನಗೆ ಮೈಯೆಲ್ಲ ಉರಿಯಿತು. ನಮ್ಮವ್ವನೂ ಬೀಡಿ ಕಟ್ಟಿದವಳೇ, ನನ್ನ ಕಣ್ಣಿಗೆ ಮಣ್ಣೆರಚಬೇಡ, ಮಗು ಮಲಗಿಸೋ ಜಾಗವೇನೇ ಇದು ಎಂದು ಗದರಿದೆ.

ಅವಳು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಮಗುವನ್ನು ನನ್ನಿಂದ ತೆಗೆದುಕೊಂಡಳು.

“ನಿಮ್ಮವ್ವ ನಿಮ್ಮುನ್ನ ಎಲ್ಲಿ ಮಲುಗುಸ್ತಿದ್ರಕ್ಕ?”

ಅವ್ವನ ಮಡಿಲಲ್ಲಿ ಹೊಗೆಸೊಪ್ಪಿನ ಮೊರ, ಮೊರದ ಅಂಚಿಗೆ ನನ್ನ ತಲೆ. ಆ ಘಾಟಿಲ್ಲದಿದ್ದರೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ.

ಹೊರಗೆ ಸಾಹೇಬರು ಹಾರನ್ ಹೊಡೆಸಿದರು. ಒಳಗೆ ಹೊಗೆಸೊಪ್ಪು ಇದೆಯೇ ಎಂಬಲ್ಲಿ ‘ಇಲ್ಲ’ ಎಂದು ಬರೆದು ರುಜು ಹಾಕಿದೆ. ಅವಳಿಗೆ ಉಪಕಾರ ಮಾಡಿದೆ ಎಂದು ಇವತ್ತಿಗೂ ಧೈರ್ಯವಾಗಿ ಹೇಳಲಾರೆ. ನಾನು ಹೊಸಿಲು ದಾಟುವಾಗ ಮಗು ಇನ್ನೂ ಕೆಮ್ಮುತ್ತಿತ್ತು.