ಎರಡು ಬೆರಳಗಲದ ನೂಲು

ಸೀಮೆಎಣ್ಣೆ ಸ್ಟೌವಿನ ವಾಸನೆ ಬಂದರೆ ಎನೆಲೆಸಿ ಕಚಾಲೆಗೆ ಇಂದಿಗೂ ಅಮ್ಮನ ಬೆನ್ನು ನೆನಪಾಗುತ್ತದೆ. ಆ ಬೆನ್ನಿಗೆ ಕಟ್ಟಿಸಿಕೊಂಡೇ ಅವರು ಮೊದಲ ಸಲ ಚಿಲ್ವಾ ಸರೋವರದ ದಡದ ಈ ಪುಟ್ಟ ಆಸ್ಪತ್ರೆಗೆ ಬಂದದ್ದು. ಅಂದು ವಯಸ್ಸಾದ ಸೂಲಗಿತ್ತಿಯೊಬ್ಬರು ಕತ್ತರಿ, ಇಕ್ಕಳಗಳನ್ನು ಕುದಿಸುತ್ತಿದ್ದರು. ಈಗ ಅದು ಎನೆಲೆಸಿಯ ಕೆಲಸ. ಬೆಳಗಿನ ಐದು ಗಂಟೆ. ಮೀನಿನ ದೋಣಿಗಳು ಇನ್ನೂ ದಡ ಮುಟ್ಟಿಲ್ಲ, ಇವರ ಪಾತ್ರೆಯಲ್ಲಿ ನೀರು ಮರಳುತ್ತಿದೆ.

ಇಪ್ಪತ್ತಾರು ವರ್ಷಗಳಿಂದ ಅವರು ಇಲ್ಲಿ ನರ್ಸ್. ದಿನಕ್ಕೆ ನಲವತ್ತು ಹೆಂಗಸರು ಬರುತ್ತಾರೆ. ಅವರಲ್ಲಿ ನಾಲ್ಕೈದು ಮಂದಿಗೆ ಬಸಿರು ತಡೆಯಲು ಗರ್ಭಕೋಶದೊಳಗಿಡುವ ತಾಮ್ರದ ವಂಕಿ ಹಾಕುವುದೋ ತೆಗೆಯುವುದೋ ಇರುತ್ತದೆ. ತಣ್ಣಗಿನ ಉಪಕರಣವನ್ನು ಅವರು ಯಾರ ಮೈಗೂ ತಾಗಿಸುವುದಿಲ್ಲ. ಮೊದಲು ಕುದಿಸಿಟ್ಟ ಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ.

ಇಂದು ಮೊದಲು ಬಂದವಳು ಸೆಲಿನಾ, ಹೊಸದಾಗಿ ವಂಕಿ ಹಾಕಿಸಿಕೊಂಡವಳು. ಜೊತೆಗೆ ಅವಳ ದೊಡ್ಡಮ್ಮ ಫಲೆಸಿ. ಫಲೆಸಿಯನ್ನು ಕಂಡೊಡನೆ ಎನೆಲೆಸಿ ಮುಖ ತಗ್ಗಿಸುತ್ತಾರೆ.

"ಗಂಡ ಅಣಕಿಸ್ತಾನೆ ಸಿಸ್ಟರ್. 'ನಿಮ್ಮ ನರ್ಸ್ ನನಗೇ ಗಾಳ ಹಾಕಿದಾಳೆ' ಅಂತಾನೆ. ವಂಕಿಯ ಆ ನೂಲು ಚುಚ್ಚುತ್ತಂತೆ, ಪೂರ್ತಿ ಕತ್ತರಿಸಿಬಿಡಿ," ಎನ್ನುತ್ತಾಳೆ ಸೆಲಿನಾ.

"ಬಲೆ ಹೆಣೆಯೋನಿಗೆ ನಾನು ಹೇಳಿಕೊಡಬೇಕಾ? ಮೋಟು ದಾರವೇ ಚುಚ್ಚೋದು. ಉದ್ದ ಇದ್ರೆ ಮೆತ್ತಗಾಗಿ ಒಳಗೇ ಮಡಚಿಕೊಳ್ಳುತ್ತೆ. ಎರಡು ತಿಂಗಳು ನೋಡು. ಆಮೇಲೂ ತೊಂದರೆ ಆದ್ರೆ ಅವನನ್ನೂ ಕರ್ಕೊಂಡು ಬಾ, ಅವನಿಗೂ ಒಂದು ಬೆಂಚು ಹಾಕಿಸ್ತೀನಿ."

ಸಾಲಿನಲ್ಲಿದ್ದವರು ನಗುತ್ತಾರೆ. ಎನೆಲೆಸಿ ನಗುವುದಿಲ್ಲ.

ಒಂಬತ್ತು ವರ್ಷಗಳ ಹಿಂದೆ ಫಲೆಸಿಯೂ ಇದನ್ನೇ ಕೇಳಿದ್ದಳು. ಪಾಪ, ಗಂಡನ ಕಿರಿಕಿರಿ ತಪ್ಪಲಿ ಎಂದು ಎನೆಲೆಸಿ ಗರ್ಭಕೋಶದ ಬಾಯಿಯವರೆಗೂ ನೂಲು ಕತ್ತರಿಸಿಕೊಟ್ಟರು. ಮೂರು ತಿಂಗಳಿಗೆ ಅವಳು ಬಂದು "ನೂಲು ಕೈಗೆ ಸಿಗ್ತಿಲ್ಲ" ಎಂದಾಗ, ಪರೀಕ್ಷಿಸದೆ, "ಕತ್ತರಿಸಿದ ಮೇಲೆ ಎಲ್ಲಿ ಸಿಗುತ್ತೆ?" ಎಂದು ಕಳಿಸಿಬಿಟ್ಟರು. ಮೂವತ್ತೊಂಬತ್ತಕ್ಕೆ ಅವಳಿಗೆ ಇನ್ನೊಂದು ಮಗು ಬೇಕೆನಿಸಿತು. ಹಿಡಿದೆಳೆಯಲು ನೂಲೇ ಇಲ್ಲ; ವಂಕಿಯ ಜೊತೆ ಒಳಗೆ ಸರಿದಿತ್ತು. ಜಿಲ್ಲಾಸ್ಪತ್ರೆಗೆ ಹೋದರೆ ಒಮ್ಮೆ ಡಾಕ್ಟರ್ ಇಲ್ಲ, ಒಮ್ಮೆ ಉಪಕರಣ ಇಲ್ಲ, ಆಮೇಲೆ ಮಳೆಗೆ ರಸ್ತೆಯೇ ಇಲ್ಲ. ತೆಗೆಯಲು ಹದಿನಾಲ್ಕು ತಿಂಗಳು ಹಿಡಿಯಿತು. ಮಗು ಆಗಲಿಲ್ಲ.

"ವಯಸ್ಸು ಕಾರಣ ಇರಬಹುದು ಅಂದ್ರು ಡಾಕ್ಟರು. ಇರಬಹುದು," ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ ಎನೆಲೆಸಿ. "ಆದ್ರೆ ಆ ಹದಿನಾಲ್ಕು ತಿಂಗಳು ಕಳೆದದ್ದು ನನ್ನ ಕತ್ತರಿಯಿಂದ. ತಪ್ಪಾಯ್ತು ಅನ್ನೋಕೆ ಎಷ್ಟೋ ಸಲ ಅವಳ ಮನೆಗೆ ಹೋದೆ. ಮೀನಿನ ಮಾತಾಡಿ ಬಂದೆ."

ಅಂದಿನಿಂದ ಅವರ ಕತ್ತರಿ ಎರಡು ಬೆರಳಗಲದ ನೂಲು ಬಿಟ್ಟೇ ನಿಲ್ಲುತ್ತದೆ. ಯಾರು ಏನೇ ಹೇಳಿದರೂ ಪರೀಕ್ಷಿಸದೆ ಕಳಿಸುವುದಿಲ್ಲ. ಸೆಲಿನಾಳನ್ನೂ ನೋಡುತ್ತಾರೆ, ಎಲ್ಲ ಸರಿಯಿದೆ.

"ತಿಂಗಳಿಗೊಮ್ಮೆ, ಮುಟ್ಟು ನಿಂತ ಮೇಲೆ, ಕೈ ತೊಳ್ಕೊಂಡು ನೂಲು ಮುಟ್ಟಿ ನೋಡು. ಎಳೀಬೇಡ. ಸಿಗದಿದ್ರೆ, ಮೊದಲಿಗಿಂತ ಉದ್ದ ಅನಿಸಿದ್ರೆ, ಗಟ್ಟಿ ತುದಿ ತಗುಲಿದ್ರೆ ಬಾ; ಅಲ್ಲೀವರೆಗೆ ಕಾಂಡೋಮ್ ಇರಲಿ. ಮೊದಮೊದಲು ರಕ್ತ ಜಾಸ್ತಿ ಹೋಗಬಹುದು, ಹೊಟ್ಟೆ ಹಿಡೀಬಹುದು. ಜ್ವರ, ಕೆಟ್ಟ ವಾಸನೆ, ತಾಳಲಾರದ ನೋವು ಬಂದ್ರೆ ಅವತ್ತೇ ಬಾ. ಬೇಡ ಅನಿಸಿದ ದಿನವೂ ಬಾ. ಯಾಕೆ ಅಂತ ಕೇಳಲ್ಲ, ತೆಗೀತೀನಿ."

ಸೆಲಿನಾ ಹೊರಡುತ್ತಾಳೆ. ಫಲೆಸಿ ಮಾತ್ರ ಕೂತೇ ಇದ್ದಾಳೆ. ಮಧ್ಯಾಹ್ನ ಸಾಲು ಕರಗಿದ ಮೇಲೆ ಎನೆಲೆಸಿ ಅವಳ ಪಕ್ಕ ಬಂದು ಕೂರುತ್ತಾರೆ.

"ಅವತ್ತು ನೂಲು ಸಿಗ್ತಿಲ್ಲ ಅಂದೆಯಲ್ಲ ಫಲೆಸಿ. ನಾನು ನೋಡಬೇಕಿತ್ತು. ತಪ್ಪು ನನ್ನದು."

ಫಲೆಸಿ ಮಡಿಲಲ್ಲಿದ್ದ ಬುತ್ತಿಯ ಗಂಟನ್ನು ಬೆಂಚಿನ ಮೇಲಿಡುತ್ತಾಳೆ.

"ಗೊತ್ತು," ಎನ್ನುತ್ತಾಳೆ. "ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ಆದ್ರೂ ಹುಡುಗೀನ ಬೇರೆ ಎಲ್ಲಿಗೂ ಕರ್ಕೊಂಡು ಹೋಗೋ ಮನಸ್ಸಾಗಲಿಲ್ಲ."

ಎನೆಲೆಸಿ ಕೈ ತೊಳೆದು ಬರುವಷ್ಟರಲ್ಲಿ ಅವಳು ಬುತ್ತಿ ಬಿಚ್ಚಿ, ನ್ಸಿಮಾ ಮುದ್ದೆಯನ್ನು ಎರಡು ಪಾಲು ಮಾಡಿದ್ದಾಳೆ. ಮೀನಿನ ದೊಡ್ಡ ತುಂಡಿರುವ ತಟ್ಟೆಯನ್ನು ಅವರತ್ತ ಚಾಚುತ್ತಾಳೆ.