ಆರ್ಮುಗಂನ ಉಡ ಮತ್ತು ನನ್ನ ಗೊಟ್ಟ

ಇಂಥ ನೆನಪುಗಳನ್ನು ಬರೆಯುವವರಿಗೆ ಸಾಮಾನ್ಯವಾಗಿ ತಲೆ ನೆರೆತಿರುತ್ತದೆ, ಪಿಂಚಣಿ ಬರುತ್ತಿರುತ್ತದೆ. ನನಗೆ ಎರಡೂ ಆಗಿಲ್ಲ. ಈಗ ನನಗೆ ಇಪ್ಪತ್ತೇಳು. ಆದರೆ ನನ್ನ ಪೆದ್ದುತನವನ್ನು ಬೇರೆಯವರು ಬರೆಯುವ ಮೊದಲು ನಾನೇ ಬರೆದುಬಿಡುವುದು ಕ್ಷೇಮ.

1964ರ ಜುಲೈನಲ್ಲಿ ನಾನು ಶಿವಮೊಗ್ಗದ ಒಂದು ಪಶು ಚಿಕಿತ್ಸಾಲಯದಲ್ಲಿ ಕಾಂಪೌಂಡರ್ ಆಗಿದ್ದೆ. ಔಷಧ ಬೆರೆಸುವುದು ಮತ್ತು ಡಾಕ್ಟರು ಸೂಜಿ ಚುಚ್ಚುವಾಗ ಎಮ್ಮೆಯ ಕಾಲು ಹಿಡಿದು ಒದೆಸಿಕೊಳ್ಳುವುದು ನನ್ನ ಕೆಲಸ. ಸಂಬಳವಿಲ್ಲದ ಇನ್ನೊಂದು ಕೆಲಸವೂ ಇತ್ತು: ಅಣಕ. ಪುರೋಹಿತರಾದ ನಮ್ಮಪ್ಪ ಮಂತ್ರದ ನಡುವೆ ಆಕಳಿಸುವುದು, ಹಾಲಿನವನು ಎಮ್ಮೆಯ ಬಗ್ಗೆ ಸುಳ್ಳು ಹೇಳುವುದು, ಎಲ್ಲವೂ ನನ್ನ ಗಂಟಲಲ್ಲಿತ್ತು. ನಮ್ಮ ಡಾಕ್ಟರು ಚೆನ್ನಬಸಪ್ಪನವರು ಯಾವ ಪ್ರಶ್ನೆಗೂ ಮೊದಲು ಮೂರು ಸಲ ಕೆಮ್ಮಿ ಕನ್ನಡಕ ತೆಗೆಯುತ್ತಿದ್ದರು. ಒಂದು ದಿನ ಔಷಧದ ಕೋಣೆಯಲ್ಲಿ ನಾನು ಅದನ್ನು ಮಾಡಿ ತೋರಿಸುತ್ತಿರುವಾಗ ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

“ಕೆಮ್ಮು ಸರಿಯಾಗಿದೆ ಸೀನ. ಕನ್ನಡಕ ಮಾತ್ರ ನಾನು ಎಡಗೈಲಿ ತೆಗಿತೀನಿ ಮಾರಾಯ” ಎಂದರು. ಅಷ್ಟೇ. ಅಂದಿನಿಂದ ನಾನು ಅವರ ಭಕ್ತ.

ಆ ಜುಲೈನಲ್ಲಿ ಡಾಕ್ಟರು ಎರಡು ದಿನ ಹಳ್ಳಿಗಳಿಗೆ ದನಗಳ ಚುಚ್ಚುಮದ್ದಿಗೆ ಹೋಗಿದ್ದಾಗ, ಭದ್ರಾವತಿಯಿಂದ ರೈಲಿನಲ್ಲಿ ಒಬ್ಬ ದೊಡ್ಡ ಆಳು ಮುಚ್ಚಳದ ಬುಟ್ಟಿ ಹೊತ್ತು ಬಂದ. ಹೆಸರು ಆರ್ಮುಗಂ. ಕಾರ್ಖಾನೆಯ ಫೌಂಡ್ರಿಯಲ್ಲಿ, ಅಂದರೆ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವ ವಿಭಾಗದಲ್ಲಿ, ಇಪ್ಪತ್ತು ವರ್ಷದ ಕೆಲಸ. ಕೋಳಿ ಇರಬಹುದೆಂದು ಮುಚ್ಚಳ ತೆಗೆದೆ. ಒಳಗೆ ಮೂರು ಅಡಿ ಉದ್ದದ ಉಡ! ನಾನು ಮೇಜಿನ ಮೇಲಿದ್ದೆ, ಹತ್ತಿದ್ದು ನೆನಪಿಲ್ಲ.

“ಹೆದರ್ಬೇಡಿ ಸಾರ್, ನಮ್ಮ ದೊರೆ. ಗೇಣುದ್ದ ಇದ್ದಾಗ ಮರಳಿನ ಗುಡ್ಡೇಲಿ ಸಿಕ್ಕಿದ್ದು. ಹತ್ತೊಂಬತ್ತು ದಿನ ಆಯ್ತು, ಒಂದೂ ತಿನ್ನಲ್ಲ. ಮೊಟ್ಟೆ ಬೇಡ, ಇಲಿ ಬೇಡ. ಪಕ್ಕದ ಮನೆಯೋರು ದಿನಾ ಬಾಟ್ಲಿ ಹಿಡ್ಕೊಂಡು ಬಂದು ‘ಹೆಂಗಿದೆ?’ ಅಂತಾರೆ.”

“ಬಾಟ್ಲಿ ಯಾಕೆ?”

“ಸತ್ತರೆ ಎಣ್ಣೆ ಕಾಯಿಸ್ಬೇಕಂತೆ. ಮಂಡಿ ನೋವಿಗೆ.” ಆ ದೊಡ್ಡ ಆಳು ಬುಟ್ಟಿಯೊಳಗೆ ಕೈಯಿಟ್ಟು ಉಡದ ಬೆನ್ನು ಸವರಿದ. “ನಮಗೆ ಮಕ್ಕಳಿಲ್ಲ ಸಾರ್.”

ಡಾಕ್ಟರಿಲ್ಲ, ನಾಳಿದ್ದು ಬಾ ಎಂದಿದ್ದರೆ ಈ ಕಥೆಯಲ್ಲಿ ನನ್ನ ಮಾನ ಉಳಿಯುತ್ತಿತ್ತು. ನಾನು ಮೇಜಿನಿಂದ ಇಳಿದು ಮೂರು ಸಲ ಕೆಮ್ಮಿದೆ. ಕನ್ನಡಕವಿಲ್ಲದ ಕಾರಣ ಹಣೆ ಒರೆಸಿಕೊಂಡೆ. ಥರ್ಮಾಮೀಟರ್ ಇಟ್ಟೆ, ಪಾದರಸ ಅಲುಗಲೇ ಇಲ್ಲ. ಎರಡು ಸಲ ಕೊಡವಿ ಇಟ್ಟರೂ ಅಷ್ಟೇ. ಕೇಸ್ ಪುಸ್ತಕದಲ್ಲಿ ‘ಜ್ವರ ಇಲ್ಲ’ ಎಂದು ಬರೆದೆ. ಮುಂದಿನ ಕಾಲಂ ‘ಮೆಲುಕು’. ‘ಇಲ್ಲ’ ಎಂದು ಬರೆದು ಗಂಭೀರವಾಗಿ ತಲೆಯಾಡಿಸಿದೆ. ಮೇವು ಬಿಟ್ಟ ಹಸುವಿಗೆ ನಾವು ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ಔಷಧ ಕುಡಿಸುತ್ತೇವೆ. ಅದರಲ್ಲೇ ಅತಿ ಸಣ್ಣದನ್ನು ಹುಡುಕಿ, ಆರ್ಮುಗಂ ಉಡದ ಬಾಯಿ ಅಗಲಿಸಿ ಹಿಡಿದಿರಲು, ಒಡೆದ ಮೊಟ್ಟೆಯೊಂದನ್ನು ದೊರೆಯ ಗಂಟಲಿಗೆ ಇಳಿಸಿದೆ. ನಾನೋ, ಮೊಟ್ಟೆ ಎಂಬ ಶಬ್ದವನ್ನೂ ಆಡದ ಮನೆಯ ಹುಡುಗ!

ಮೂರನೇ ದಿನ ಬುಟ್ಟಿ ವಾಪಸ್ ಬಂತು. ಕುಡಿಸಿದ ಮೊಟ್ಟೆ ಎರಡು ದಿನ ಹೊಟ್ಟೆಯಲ್ಲಿದ್ದು, ಕೊಳೆತು, ಹಾಗೇ ಹೊರಗೆ ಬಂದಿತ್ತು. ದೊರೆ ಕಣ್ಣು ಕೂಡ ಪೂರ್ತಿ ತೆರೆಯುತ್ತಿರಲಿಲ್ಲ. ಹಳ್ಳಿಗಳಿಂದ ಮರಳಿದ್ದ ಡಾಕ್ಟರು ಮೂರು ಸಲ ಕೆಮ್ಮಿ ಕನ್ನಡಕ ತೆಗೆದರು.

“ಯಾರು ನೋಡಿದ್ದು ಇದನ್ನ?”

“ಬೇರೆ ಡಾಕ್ಟರ್ ಸಾರ್. ನಿಮ್ಮ ಹಂಗೇ ಕೆಮ್ಮಿದ್ರು.”

ಡಾಕ್ಟರು ನನ್ನತ್ತ ತಿರುಗಿದರು. ನೆಲ ಬಿರಿದಿದ್ದರೆ ನಾನು ಉಡಕ್ಕಿಂತ ಬೇಗ ಒಳಗೆ ನುಗ್ಗುತ್ತಿದ್ದೆ. ಅವರು ಬೈಯಲಿಲ್ಲ. ಕೇಸ್ ಪುಸ್ತಕ ಓದಿ, ‘ಮೆಲುಕು’ ಕಾಲಮಿನ ಬಳಿ ಸ್ವಲ್ಪ ಹೊತ್ತು ನಿಂತು, ಇಷ್ಟೇ ಹೇಳಿದರು: “ದನದ ಥರ್ಮಾಮೀಟರ್ ತೊಂಬತ್ತೈದು ಡಿಗ್ರಿಗಿಂತ ಕೆಳಗೆ ತೋರಿಸಲ್ಲ ಸೀನ. ಪಾದರಸ ಏಳಲಿಲ್ಲ ಅಂದ್ರೆ ಜ್ವರ ಇಲ್ಲ ಅಂತಲ್ಲ, ಮೈ ತಣ್ಣಗಿದೆ ಅಂತ.” ಆಮೇಲೆ ಆರ್ಮುಗಂ ಕಡೆ ತಿರುಗಿ, “ನಾನು ಓದಿದ್ದು ದನ, ಕುದುರೆ, ಕೋಳಿ. ಉಡದ ವಿಷಯ ನನಗೆ ಗೊತ್ತಿಲ್ಲಪ್ಪ. ನಾಳೆ ಭಾನುವಾರ ನಿನ್ನ ಮನೆಗೇ ಬಂದು ನೋಡ್ತೀನಿ” ಎಂದರು.

ಗೊತ್ತಿಲ್ಲ ಎನ್ನುವುದಕ್ಕೆ ಅವರು ಕೆಮ್ಮಲೂ ಇಲ್ಲ.

ಮನೆ ಭದ್ರಾವತಿಯ ನ್ಯೂ ಟೌನಿನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸು. ಆರ್ಮುಗಂ ಅಲ್ಲಿಗೆ ಬಂದು ಒಂದೂವರೆ ತಿಂಗಳಾಗಿತ್ತಷ್ಟೆ. ದೊರೆಗೆ ಅರಮನೆಯನ್ನೇ ಮಾಡಿದ್ದ: ಬಚ್ಚಲಿನ ಪಕ್ಕ ಸಿಮೆಂಟ್ ನೆಲ, ಮೇಲೆ ನಾಲ್ಕು ಮಡಿಕೆಯ ಗೋಣಿ. ಗಂಟೆಗೊಮ್ಮೆ ಅವನ ಹೆಂಡತಿ ಅದಕ್ಕೆ ನೀರು ಚಿಮುಕಿಸುತ್ತಿದ್ದಳು.

“ನಾನು ಎಂಟು ಗಂಟೆ ಬೆಂಕೀಲಿ ಸಾಯ್ತೀನಿ ಸಾರ್. ಇವನಾದ್ರೂ ತಂಪಾಗಿರಲಿ ಅಂತ.”

ಡಾಕ್ಟರು ಮೂರು ಸಲ ಕೆಮ್ಮಿದರು. “ಸೀನ, ನೀನು ಎಲ್ಲರ ಹಾಗೂ ಮಾಡ್ತೀಯಲ್ಲ. ಇದರ ಹಾಗೆ ಮಲಗು.”

ತಮಾಷೆ ಎಂದುಕೊಂಡೆ, ಅಲ್ಲ. ಅಂಗಿ ಬಿಚ್ಚಿಸಿದರು. ಹೊರಗೆ ಜಡಿಮಳೆ, ಕೆಳಗೆ ಒದ್ದೆ ಗೋಣಿ. ದೊರೆಯ ಪಕ್ಕದಲ್ಲೇ ಕಾಲು ಮುದುರಿ, ಗದ್ದ ನೆಲಕ್ಕೂರಿ ಬೋರಲು ಮಲಗಿದೆ. ಆರ್ಮುಗಂನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಐದು ನಿಮಿಷದಲ್ಲಿ ನನ್ನ ಹಲ್ಲು ಕಟಕಟ ಎನ್ನತೊಡಗಿತು.

“ಈಗ ಊಟ ಮಾಡ್ತೀಯಾ?” ಎಂದರು ಡಾಕ್ಟರು.

“ಮೊದಲು ಬಿಸಿಲು ಕೊಡಿ ಸಾರ್.”

“ಹಳೇ ಮನೇಲಿ ಹೇಗೆ ಮಲಗ್ತಿತ್ತು ಆರ್ಮುಗಂ? ಇವನಿಗೆ ಹೇಳಿಕೊಡು.”

ಆರ್ಮುಗಂ ನನ್ನ ಪಕ್ಕ ಕೂತು, ತಮ್ಮನಿಗೆ ಕಲಿಸುವಂತೆ ಕೈಕಾಲು ಹಿಡಿದು ತಿದ್ದಿದ. “ಹಿಂಗಲ್ಲ ತಂಬಿ. ಹೊಟ್ಟೆ ಒತ್ತಿ. ಕೈ ಅಗಲ. ತಲೆ ಮೇಲೆ, ರಾಜನ ಥರ. ಅಡುಗೆ ಒಲೆ ಹಿಂದೆ ಕಟ್ಟೆ ಇತ್ತಲ್ಲ, ಅದರ ಮೇಲೆ...” ನನ್ನ ತಣ್ಣನೆಯ ಬೆನ್ನ ಮೇಲೆ ಅವನ ಕೈ ಹಾಗೇ ಇತ್ತು.

“ಒಲೆ ಹಚ್ಚದೆ ಅನ್ನ ಬೇಯಲ್ಲ” ಎಂದರು ಡಾಕ್ಟರು ಮೆಲ್ಲಗೆ. “ನಮ್ಮ ಮೈ ತಾನೇ ಬಿಸಿ ಹುಟ್ಟಿಸುತ್ತೆ. ಇದರದ್ದು ಹೊರಗಿನಿಂದ ತಗೋಬೇಕು ಅಂತ ಕಾಣುತ್ತೆ. ಅದಕ್ಕೇ ಹಸಿವಿಲ್ಲ, ಸುರಿದ ಮೊಟ್ಟೆನೂ ಅರಗಲಿಲ್ಲ.”

ಇನ್ನು ಎಷ್ಟು ಬಿಸಿ ಎಂಬ ಪ್ರಶ್ನೆ. ಪುಸ್ತಕವಿಲ್ಲ, ಕೇಳಲು ಜನವಿಲ್ಲ. ಆರ್ಮುಗಂ ಹಳೇ ಮನೆಯ ಒಲೆಯಿಂದ ಕಿತ್ತು ತಂದಿದ್ದ ಬೆಂಕಿ ಇಟ್ಟಿಗೆಗಳನ್ನು, ಎಂದರೆ ಕುಲುಮೆಯ ಶಾಖ ತಡೆಯುವ ಗಟ್ಟಿ ಇಟ್ಟಿಗೆಗಳನ್ನು, ಕಾಯಿಸಿ ತಂದ. ಒಣಗೋಣಿ ಸುತ್ತಿ ಕೈಯ ಹಿಂಬದಿ ತಾಗಿಸಿದ. “ಇದು ಜಾಸ್ತಿ.” ಆರಲೆಂದು ಕಾದ. “ಇನ್ನೂ ಜಾಸ್ತಿ.” ಮತ್ತೆ ಕಾದ. “ಹಾಂ. ಆ ಕಟ್ಟೆ ಇಷ್ಟೇ ಇತ್ತು.” ಡಾಕ್ಟರು ಥರ್ಮಾಮೀಟರ್ ಇಟ್ಟರು: ನೂರಾ ಎರಡು. ಬೇರೆ ಇಟ್ಟಿಗೆ ಕೊಟ್ಟು, ಥರ್ಮಾಮೀಟರ್ ತೋರಿಸದೆ ಮತ್ತೆ ಎರಡು ಸಲ ಕೇಳಿದರು. ನೂರಾ ಒಂದು, ನೂರಾ ಎರಡು. ಡಾಕ್ಟರು ಎಡಗೈಯಲ್ಲಿ ಕನ್ನಡಕ ತೆಗೆದು ಆ ಸುಟ್ಟ ಕಲೆಗಳ ಕೈಯನ್ನೇ ನೋಡುತ್ತ ನಿಂತರು.

“ಔಷಧ ನಿನ್ನ ಕೈಲೇ ಇದೆ. ಬಲವಂತ ಬೇಡ, ಗೊಟ್ಟ ಬೇಡವೇ ಬೇಡ. ಇದಕ್ಕೊಂದು ಪೆಟ್ಟಿಗೆ ಮಾಡು, ಒಂದು ಕಡೆ ಬಿಸಿ ಇಟ್ಟಿಗೆ, ಇನ್ನೊಂದು ಕಡೆ ಬರೀ ನೆಲ. ಅದು ಬೇಕಾದ ಕಡೆ ಹೋಗಲಿ. ಒಂದು ವಾರ ನೋಡೋಣ.”

ಆರನೆಯ ದಿನ ಚಿಕಿತ್ಸಾಲಯದ ಬಾಗಿಲಲ್ಲಿ ಆರ್ಮುಗಂ ಕಾಣಿಸಿದ. ಕೈಯಲ್ಲಿ ಅದೇ ಬುಟ್ಟಿ. ಮುಚ್ಚಳವಿಲ್ಲ, ಒಳಗೆ ಏನೂ ಇಲ್ಲ. ನನ್ನ ಕೈಯ ಔಷಧದ ಸೀಸೆ ಮೇಜಿನ ಮೇಲೆ ಸದ್ದಾಗಿ ಕೂತಿತು. ನನ್ನ ಕಣ್ಣ ಮುಂದೆ ಬಂದದ್ದು ಪಕ್ಕದ ಮನೆಯವರ ಎಣ್ಣೆಯ ಬಾಟ್ಲಿ.

“ಏನಾಯ್ತು?” ಎಂದೆ, ಕೆಮ್ಮದೆ, ನನ್ನದೇ ದನಿಯಲ್ಲಿ.

“ನಿನ್ನೆ ಒಂದು, ಬೆಳಿಗ್ಗೆ ಎರಡು! ನಾಲಿಗೆ ಚಾಚಿ ನನ್ನ ಕೈಯಿಂದಾನೇ ತಗೊಂಡ. ಮನೇಲಿ ಮೊಟ್ಟೆ ಖಾಲಿ ತಂಬಿ. ಬುಟ್ಟಿ ತುಂಬ ಒಯ್ಯೋಣ ಅಂತ ಬಂದೆ.”

ಈಗ ನಾನು ಬೇರೆ ಊರಿನ ಚಿಕಿತ್ಸಾಲಯದಲ್ಲಿದ್ದೇನೆ. ಮೇವು ಬಿಟ್ಟ ದನವಿದೆ ಎಂದು ಯಾರಾದರೂ ಕರೆದರೆ, ಔಷಧದ ಚೀಲ ಬಿಚ್ಚುವ ಮೊದಲು ಕೊಟ್ಟಿಗೆಯಲ್ಲಿ ಅದರ ಜಾಗದಲ್ಲಿ ಕೂರುತ್ತೇನೆ, ಕೆಲವೊಮ್ಮೆ ಮಲಗುತ್ತೇನೆ. ಜನ ನಗುತ್ತಾರೆ. ನಗಲಿ, ಅದು ನನಗೆ ಅಭ್ಯಾಸ. ಇನ್ನೊಬ್ಬರ ಹಾಗೆ ಮಾಡುವುದು ನಗಿಸಲಿಕ್ಕೆ ಮಾತ್ರವಲ್ಲ, ಅವರಿಗೆ ಎಲ್ಲಿ ತಣ್ಣಗಿದೆ ಎಂದು ತಿಳಿಯಲಿಕ್ಕೂ ಆಗುತ್ತದೆ ಎಂದು ಚೆನ್ನಬಸಪ್ಪನವರು ಒದ್ದೆ ಗೋಣಿಯ ಮೇಲೆ ಮಲಗಿಸಿ ಕಲಿಸಿದರು.

ಶಿವಮೊಗ್ಗ ಬಿಡುವ ಮುಂಚೆ ಒಮ್ಮೆ ನ್ಯೂ ಟೌನಿಗೆ ಹೋಗಿದ್ದೆ. ಆರ್ಮುಗಂ ಆಗಷ್ಟೇ ಫೌಂಡ್ರಿಯಿಂದ ಬಂದಿದ್ದ. ಹುಬ್ಬಿನವರೆಗೂ ಮಸಿ, ಬೆನ್ನೆಲ್ಲ ಬೆವರು. ಎಂಟು ಗಂಟೆಯ ಬೆಂಕಿ ಸಾಲದೆಂಬಂತೆ, ಮುಖ ಕೂಡ ತೊಳೆಯದೆ ಮತ್ತೆ ಒಲೆಯ ಮುಂದೆ ಕೂತು ಇಟ್ಟಿಗೆ ಕಾಯಿಸುತ್ತಿದ್ದ, ಆಗಾಗ ಕೈಯ ಹಿಂಬದಿ ತಾಗಿಸಿ ನೋಡುತ್ತ. ದೊರೆ ಪೆಟ್ಟಿಗೆಯಲ್ಲಿ ತಲೆಯೆತ್ತಿ ಕಾಯುತ್ತಿದ್ದ. ನಾನು ಗೆಳೆಯರೆದುರು ಆರ್ಮುಗಂನ ಮಾತನ್ನು ಅಣಕಿಸುತ್ತೇನೆ, ದೊರೆಯನ್ನಂತೂ ಅಂಗಿ ಬಿಚ್ಚಿಯೇ ಅಣಕಿಸುತ್ತೇನೆ. ಒಲೆಯ ಮುಂದೆ ಆರ್ಮುಗಂ ಕೂತ ಆ ಭಂಗಿಯನ್ನು ಒಮ್ಮೆ ಮಾಡಿ ತೋರಿಸಿದೆ. ಯಾರೂ ನಗಲಿಲ್ಲ, ನನಗೂ ಏಳಲು ಸ್ವಲ್ಪ ಹೊತ್ತು ಬೇಕಾಯಿತು.