ಬೋರ್ಡಿನಲ್ಲೊಂದು 'ಅಥವಾ'

ಕಳೆದ ಭಾನುವಾರ ಕೃಷ್ಣಮೂರ್ತಿಪುರಂನ ನಮ್ಮ ಮನೆ ಮುಂದೆ ಹನ್ನೊಂದು ಜನ ಬಂದು ನಿಂತರು. ಎಲ್ಲ ಕೆಸರೆಯ ಒಂದೇ ಸಂಸಾರ. ನಮ್ಮ ಪಕ್ಕದ ಪೋರ್ಷನ್ ಬಾಡಿಗೆಗೆ ಬೇಕಂತೆ.

"ಇಷ್ಟು ಜನಕ್ಕೆ ಆಗಲ್ಲ ಕಣ್ರೀ, ಇರೋದು ಎರಡೇ ರೂಮು" ಎಂದೆ.

ಅವರ ಯಜಮಾನರು ಗೇಟಿನ ಬೋರ್ಡು ತೋರಿಸಿದರು. 'ಸಸ್ಯಾಹಾರಿಗಳು ಅಥವಾ ಸಣ್ಣ ಸಂಸಾರದವರಿಗೆ ಮಾತ್ರ.'

"ನಾವು ಮೊಟ್ಟೇನೂ ಮುಟ್ಟಲ್ಲ ಸ್ವಾಮಿ!"

(ನಾನು ಸುಮ್ಮನೆ ಕೆಮ್ಮಿದೆ.)

ಆ ಬೋರ್ಡು ಬರೆದವನು ನಾನೇ. ವಾರ ವಾರ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವವನೂ ನಾನೇ! ಹೇಗೋ ಸಮಾಧಾನ ಮಾಡಿ ಅವರನ್ನು ಕಳಿಸಿದೆ. ಬೋರ್ಡು ಮಾತ್ರ ತಿದ್ದಲಿಲ್ಲ. ಸೋಮಾರಿತನ, ಇನ್ನೇನು?

ಮರುದಿನ ಸಂಜೆ ಸ್ಟೆಲ್ಲಾ ಎಂಬ ಹುಡುಗಿ ಬಂದಳು. ಹಿನಕಲ್ ಕಡೆ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಈಗಿರುವ ಮನೆಯನ್ನು ತಿಂಗಳ ಕೊನೆಗೆ ಖಾಲಿ ಮಾಡಬೇಕು. ಆಗಲೇ ನಾಲ್ಕು ಕಡೆ ಹೆಸರು ಕೇಳಿಯೇ ಬಾಗಿಲು ಹಾಕಿದ್ದಾರೆ.

"ನಾನು, ಅಮ್ಮ ಇಬ್ರೇ ಅಂಕಲ್. ಮೀನು, ಮಾಂಸ ತಿಂತೀವಿ. ಬೋರ್ಡ್ ಪ್ರಕಾರ ನಡೆಯುತ್ತಲ್ವಾ?"

ನಡೆಯುತ್ತೆ! ಅದೇ ತೊಂದರೆ.

"ಅದು 'ಮತ್ತು' ಆಗ್ಬೇಕಿತ್ತಮ್ಮ. 'ಅಥವಾ' ಅಂತ ಬರೆದ್ಬುಟ್ಟೆ" ಎಂದು ಹನ್ನೊಂದು ಜನರ ಕಥೆ ಹೇಳಿದೆ.

ಅವಳಿಗೆ ನಗು ತಡೆಯಲಾಗಲಿಲ್ಲ. ಅವಳ ಕೆಲಸವೇ ಅದಂತೆ. ಪ್ರೋಗ್ರಾಮುಗಳ ಷರತ್ತುಗಳಲ್ಲಿ ತಪ್ಪು ಹುಡುಕುವುದು, ಸಿಕ್ಕಿದ್ದನ್ನು ಜಾತಿವಾರು ವಿಂಗಡಿಸುವುದು. (ನೋಡಿ, ತಪ್ಪಿಗೂ ಜಾತಿ ಬಿಡಲಿಲ್ಲ!) 'ಮತ್ತು' ಇರಬೇಕಾದ ಕಡೆ 'ಅಥವಾ' ಕೂತರೆ ಒಂದು ಜಾತಿ. 'ಅಲ್ಲ' ಬಿಟ್ಟುಹೋದರೆ ಇನ್ನೊಂದು. ಬೇಕಾದ ಷರತ್ತೇ ಮಾಯವಾದರೆ ಮತ್ತೊಂದು.

"ಒಂದೊಂದು ಜಾತಿ ಹಿಡಿಯೋಕೆ ಒಂದೊಂದು ಥರ ಟೆಸ್ಟ್ ಅಂಕಲ್. ನಿಮ್ಮ 'ಅಥವಾ' ಹಿಡಿಯೋಕೆ ಆ ಹನ್ನೊಂದು ಜನ ಒಳ್ಳೇ ಟೆಸ್ಟ್. ನಾನೂ ಅಷ್ಟೇ."

ನಾನೂ ಉತ್ಸಾಹದಿಂದ ಒಳಗೆ ಹೋಗಿ ಸ್ಕೆಚ್ ಪೆನ್ನು ತಂದು 'ಅಥವಾ' ಹೊಡೆದುಹಾಕಿ 'ಮತ್ತು' ಎಂದು ಬರೆದೆ. ಅವಳ ಮುಖ ಸಪ್ಪಗಾಯಿತು.

"ಇನ್ನೊಂದು ಜಾತಿ ಹೇಳೋದು ಮರೆತೆ" ಎಂದಳು ಮೆಲ್ಲಗೆ. "ಬೇಡದ ಷರತ್ತು ಸೇರ್ಕೊಂಡಿರೋದು. ಬರೆದೋರಿಗೆ ಅದು ತಪ್ಪು ಅಂತಾನೇ ಅನ್ಸಲ್ಲ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಬೋರ್ಡು ಮುಟ್ಟದೆ ಪೆನ್ನಿಗೆ ಮುಚ್ಚಳ ಹಾಕಿದೆ. ಸಸ್ಯಾಹಾರದ ಷರತ್ತು ಹಾಕಿದ್ದವಳು ಹೆಂಡತಿ ಗಿರಿಜಾ. ಮಠದ ಸ್ವಾಮಿಗಳು ಪಾದಪೂಜೆಗೆ ಬರುವ ಮನೆ ನಮ್ಮದು. ಸ್ಟೆಲ್ಲಾ ಚಪ್ಪಲಿ ಮೆಟ್ಟಿಕೊಂಡಳು.

"ನಿಂತ್ಕೊಳಮ್ಮ" ಎನ್ನುತ್ತಾ ಗಿರಿಜಾ ಬಾಗಿಲಿಗೆ ಬಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಮನೆ ಕೊಟ್ಬುಡಿ ಕಣ್ರೀ. ದಿನಾ ಬೇಕರೀಲಿ ಎಗ್ ಪಫ್ ತಿಂದು ಬರೋರನ್ನ ಇಪ್ಪತ್ತು ವರ್ಷದಿಂದ ಮನೆ ಒಳಗೇ ಇಟ್ಕೊಂಡಿದೀನಿ. ಪಕ್ಕದಲ್ಲಿ ಮೀನು ಸಾರು ಕುದ್ದರೆ ಏನಾಗುತ್ತೆ?"

ಇಪ್ಪತ್ತು ವರ್ಷ! ಅಂಗಿ ಮೇಲಿನ ಪುಡಿಯನ್ನೆಲ್ಲ ಗೇಟಿನ ಹತ್ತಿರವೇ ಒದರಿ ಬರುತ್ತಿದ್ದೆನಲ್ಲ?

ಒಂದನೇ ತಾರೀಖು ತಾಯಿ, ಮಗಳು ಬರುತ್ತಿದ್ದಾರೆ. ಬೋರ್ಡು ಅಟ್ಟ ಸೇರಿದೆ. ನಿಮ್ಮ ಗೇಟಿನಲ್ಲೂ ಅಂಥದ್ದೊಂದು ಇದ್ದರೆ ಒಮ್ಮೆ ಹೊರಗೆ ನಿಂತು ಓದಿ.

ನಿಮ್ಮ ಮನೆ ನಿಮಗೇ ಬಾಡಿಗೆಗೆ ಸಿಗುತ್ತದೆಯೇ?